ಬಾವಿಯಿದ್ದ ಕ್ಯಾಂಪು

28 ಜುಲೈ 2024, ಭಾನುವಾರ ರಾತ್ರಿ
ಮೈಸೂರು

ಮಂಡ್ಯಕ್ಕೆ ಹೋಗಿ ಬಂದೆ. ಕನ್ನಂಬಾಡಿಯಿಂದ ನೀರು ಬಿಟ್ಟಿದ್ದಾರೆ, ಬಸ್ಸಿನ ತುಂಬ ಹೊಳೆ ನೋಡಲು ಹೊರಟವರೇ. ಶ್ರೀರಂಗಪಟ್ಟಣದವರೆಗೆ ನಿಂತೇ ಹೋದೆ. ಚಿಕ್ಕಮ್ಮನ ಮಂಡಿನೋವು ಹಾಗೆಯೇ ಇದೆ. ಮುದ್ದೆ, ಹುರುಳಿಕಾಳಿನ ಸಾರು. ಇದನ್ನೆಲ್ಲ ಬರೆಯಲು ಕೂತದ್ದಲ್ಲ.

ಸಂಜೆ ಹಾಲು ತರಲು ಚಿಕ್ಕಪ್ಪನ ಜೊತೆ ಹೊರಟೆ. ಅವರ ಬೀದಿಯಲ್ಲಿ ಪೈಪು ಹಾಕುವುದಕ್ಕೆಂದು ಅಗೆದು, ಮಣ್ಣು ಮುಚ್ಚಿ, ಡಾಂಬರು ಕಾಣಿಸದೆ ಬಿಟ್ಟಿದ್ದಾರೆ. ನಾನು ಮಾತಾಡುತ್ತಲೇ ಅದರ ಮೇಲೆ ನಡೆದು ದಾಟಿದೆ. ಪಕ್ಕಕ್ಕೆ ನೋಡಿದರೆ ಚಿಕ್ಕಪ್ಪ ಇಲ್ಲ. ಅಗೆದ ಸಾಲು ಮುಗಿಯುವ ಟ್ರಾನ್ಸ್‌ಫಾರ್ಮರಿನವರೆಗೂ ಹೋಗಿ, ಅಲ್ಲಿಂದ ಸುತ್ತಿ ಬರುತ್ತಿದ್ದರು. ಕೆಸರೂ ಇರಲಿಲ್ಲ.

"ಯಾಕೆ ಚಿಕ್ಕಪ್ಪ, ಅಷ್ಟು ದೂರ?"

"ಹೊಸ ಮಣ್ಣು ಕಣವ್ವ" ಎಂದರು. ಅಷ್ಟೇ. ಹಾಲಿನ ಪ್ಯಾಕೆಟ್ಟಿಗೆ ಚಿಲ್ಲರೆ ಎಣಿಸತೊಡಗಿದರು.

ಚಿಕ್ಕಪ್ಪ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು, ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಕೇಂದ್ರದಲ್ಲಿ ತರಬೇತಾದವರು, ಶ್ರೀಲಂಕಾಕ್ಕೆ ಹೋಗಿ ಬಂದವರು ಎಂಬುದು ನೆಂಟರಿಗೆಲ್ಲ ಗೊತ್ತು. ಮದುವೆ ಮನೆಗಳಲ್ಲಿ ಯಾರಾದರೂ ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಿದರೆ, "ನಾನು ರಸ್ತೆ ಗುಡಿಸುತ್ತಿದ್ದೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ತಮಾಷೆ ಎಂದುಕೊಂಡಿದ್ದೆವು. ಇವತ್ತು ಹಾಲಿನಂಗಡಿಯಿಂದ ಮನೆಯವರೆಗೆ, ಆಮೇಲೆ ಜಗುಲಿಯ ಮೇಲೆ ಕರೆಂಟು ಹೋಗಿ ಬರುವವರೆಗೆ, ಆ ರಸ್ತೆಯ ಬಗ್ಗೆಯೇ ಹೇಳಿದರು. ನಾಳೆ ಜುಲೈ 29 ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ. ಕೊಲಂಬೊದಲ್ಲಿ ರಾಜೀವ್ ಗಾಂಧಿ, ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ್ದು 1987ರ ಆ ದಿನ. ಮರುದಿನವೇ ಭಾರತದ ಶಾಂತಿಪಾಲನಾ ಪಡೆ ಜಾಫ್ನಾದಲ್ಲಿ ಇಳಿಯಿತು. ಚಿಕ್ಕಪ್ಪ ಹೋದದ್ದು ಮರುವರ್ಷ. "ಮೊದಲು ಹೋದವರಿಗೆ ಹಾರ ಹಾಕಿ ಸ್ವಾಗತಿಸಿದರಂತೆ. ಅಕ್ಟೋಬರಿನಲ್ಲಿ ಎಲ್‌ಟಿಟಿಇ ಹುಲಿಗಳ ಮೇಲೆ ಕಾಳಗ ಶುರುವಾಯಿತಲ್ಲ, ನಾವು ಹೋಗುವಷ್ಟರಲ್ಲಿ ಹಾರ ಮುಗಿದಿತ್ತು."

ಕ್ಯಾಂಪು ಇದ್ದದ್ದು ಒಂದು ಶಾಲೆಯಲ್ಲಿ. ಕಿಟಕಿಗಳಿಗೆಲ್ಲ ಮರಳಿನ ಚೀಲ, ಕಪ್ಪುಹಲಗೆಯ ಮೇಲೆ ಪಹರೆಯ ಪಾಳಿಯ ಪಟ್ಟಿ. ಬೆಳಕು ಹರಿಯುವ ಮೊದಲೇ ಸ್ಟ್ಯಾಂಡ್ ಟು: ಎಲ್ಲರೂ ಬೂಟು ಹಾಕಿ, ಬಂದೂಕು ಹಿಡಿದು, ತಮ್ಮ ತಮ್ಮ ಮೋರ್ಚಾದಲ್ಲಿ ಮಾತಿಲ್ಲದೆ ಕೂರಬೇಕು. ದಾಳಿ ಮಾಡುವವರು ಆ ಹೊತ್ತನ್ನೇ ಕಾಯುತ್ತಾರೆ ಎಂಬುದು ಸೈನ್ಯದ ಹಳೆಯ ಲೆಕ್ಕ. ಎದುರಿನ ಮರ ಮರವಾಗಿ ಕಾಣುವವರೆಗೆ ಕೂತು, ಆಮೇಲೆ ಚಹಾ. ಸಂಜೆ ಕತ್ತಲಾಗುವಾಗ ಮತ್ತೆ ಅದೇ. ಚಿಕ್ಕಮ್ಮ ಒಳಗಿನಿಂದ, "ಈಗಲೂ ನಾಲ್ಕೂವರೆಗೆ ಎದ್ದು ಕಾಂಪೌಂಡಿನ ಪಕ್ಕ ಕೂರುತ್ತಾರೆ. ಬೆಳಗಾಗುವವರೆಗೆ ಏನು ಕೇಳಿದರೂ ಉತ್ತರವಿಲ್ಲ" ಎಂದರು. ಚಿಕ್ಕಪ್ಪ ಕೇಳಿಸದವರಂತಿದ್ದರು.

ಚಹಾ ಆದ ಮೇಲೆ ರಸ್ತೆ. ಈ ಕ್ಯಾಂಪಿನಿಂದ ಮುಂದಿನ ಕ್ಯಾಂಪಿನವರೆಗೆ ಲಾರಿಗಳು ಹೊರಡುವ ಮುನ್ನ ರಸ್ತೆಯನ್ನು ತೆರೆಯಬೇಕು. ನಿನ್ನೆ ತೆರೆದದ್ದು ಇವತ್ತಿನ ಲೆಕ್ಕಕ್ಕಿಲ್ಲ. ಎರಡೂ ಬದಿಯ ತಾಳೆತೋಪಿನೊಳಗೆ ಕಾಲಾಳುಗಳು. ನಡುವೆ, ಎಲ್ಲರಿಗಿಂತ ಮುಂದೆ, ಸ್ಯಾಪರು. ಡಿಟೆಕ್ಟರಿಗೆ ಕಬ್ಬಿಣ ಸಿಕ್ಕರೆ ಕೂಗುತ್ತದೆ. ಹುಲಿಗಳು ಬಾಂಬು ಹೂಳುತ್ತಿದ್ದದ್ದು ಪ್ಲಾಸ್ಟಿಕ್ ಕ್ಯಾನಿನಲ್ಲಿ, ಮರದ ಪೆಟ್ಟಿಗೆಯಲ್ಲಿ. ಹಾಗಾಗಿ ಕಣ್ಣೇ ಗತಿ. ಎಲ್ಲಿ ಮಣ್ಣಿನ ಬಣ್ಣ ಬೇರೆ, ಎಲ್ಲಿ ಹುಲ್ಲು ಬಾಡಿದೆ, ಎಲ್ಲಿ ನಿನ್ನೆ ಇಲ್ಲದ ಸೊಪ್ಪು ಬಿದ್ದಿದೆ. ಅನುಮಾನ ಬಂದಲ್ಲಿ ಹೊಟ್ಟೆಯ ಮೇಲೆ ಮಲಗಿ ಸರಳನ್ನು ಓರೆಯಾಗಿ ಚುಚ್ಚಿ ನೋಡುವುದು. ನೆಟ್ಟಗೆ ಚುಚ್ಚಬಾರದು. ಪ್ರತಿ ಮೋರಿಯ ಕೆಳಗೂ ಇಳಿದು ನೋಡುವುದು, ಯಾಕೆಂದರೆ ದೊಡ್ಡದನ್ನು ಇಡುವುದು ಮೋರಿಯಲ್ಲೇ. ತಂತಿಯ ಇನ್ನೊಂದು ತುದಿ ಗದ್ದೆಯ ಆಚೆ ಯಾರದೋ ಕೈಯಲ್ಲಿ.

"ಹೆದರಿಕೆ ಆಗುತ್ತಿರಲಿಲ್ಲವೇ?" ಎಂದೆ. ಪೆದ್ದ ಪ್ರಶ್ನೆ, ಆದರೂ ಬಾಯಿಗೆ ಬಂತು.

"ಸೆಕೆ ಆಗುತ್ತಿತ್ತು."

ಊಟದ ಮಾತು ಬಂದಾಗ ಚಿಕ್ಕಪ್ಪ ಗೆಲುವಾದರು. ಲಂಗರಿನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ, ರೊಟ್ಟಿ, ದಾಲ್, ಅನ್ನ. ರಸ್ತೆ ಮುಚ್ಚಿದ ದಿನಗಳಲ್ಲಿ ಟಿನ್ನಿನ ಊಟ. ಗಸ್ತಿಗೆ ಹೊರಟವರ ಜೇಬಿನಲ್ಲಿ ಪೂರಿ, ಶಕ್ಕರ್‌ಪಾರೆ. ರಾಗಿ ಎಂಬುದು ಕನಸಿನಲ್ಲಿ ಮಾತ್ರ. ರಜೆಗೆ ಬಂದು ಹಿಂತಿರುಗುವಾಗ ಚಿಕ್ಕಮ್ಮ ಹುರಿಹಿಟ್ಟು, ಅಚ್ಚುಬೆಲ್ಲ ಕಟ್ಟಿಕೊಟ್ಟಿದ್ದರಂತೆ. ಮದ್ರಾಸಿನಿಂದ ಹಡಗಿನಲ್ಲಿ ಹೊತ್ತೊಯ್ದು, ಒಲೆ ಹಚ್ಚುವ ಹಾಗಿಲ್ಲದ ರಾತ್ರಿಗಳಲ್ಲಿ ಮಗ್ಗಿನಲ್ಲಿ ಕಲಸಿಕೊಂಡು ತಿಂದರಂತೆ. ಪಂಜಾಬಿನ ಒಬ್ಬ ಹುಡುಗನಿಗೂ ರುಚಿ ಹತ್ತಿ, ಮುಂದಿನ ರಜೆಯಲ್ಲಿ ತನಗೂ ಒಂದು ಚೀಲ ತರಬೇಕೆಂದು ಗಂಟುಬಿದ್ದಿದ್ದ. "ತಂದಿರಾ?" ಎಂದೆ. "ತಂದೆ" ಎಂದು ಸುಮ್ಮನಾದರು. ಆಗ ಕರೆಂಟು ಹೋಯಿತು.

ಕತ್ತಲಲ್ಲಿ ಹೇಳಿದ್ದು ಬಾವಿಯ ವಿಷಯ.

ಜಾಫ್ನಾ ಕಡೆ ಹೊಳೆಯೇ ಇಲ್ಲ. ಸುಣ್ಣಕಲ್ಲಿನ ನೆಲ, ಬಿದ್ದ ಮಳೆ ಇಂಗಿ ಬಾವಿಯಲ್ಲಿ ನಿಲ್ಲಬೇಕು; ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಎಲ್ಲವೂ ಬಾವಿಯ ನೀರಿನಲ್ಲೇ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಚಿಕ್ಕಪ್ಪನಿಗೆ ಅದು ಮೊದಲು ನಂಬಲಾಗಲಿಲ್ಲವಂತೆ. ಹೊಳೆಯಿಲ್ಲದ ಊರು ಇಷ್ಟು ಹಸಿರಾಗಿರುತ್ತದೆಯೇ ಎಂದು. ಕ್ಯಾಂಪಿನ ಮುಳ್ಳುತಂತಿ ಹಾಕುವಾಗ ಶಾಲೆಯ ಪಕ್ಕದ ಮನೆಯ ಬಾವಿಯೂ ಒಳಗೆ ಸೇರಿಹೋಯಿತು. ಸಿಹಿನೀರಿನ ಬಾವಿ. ಮನೆ ತಂತಿಯ ಹೊರಗೆ ಉಳಿಯಿತು. ಅದರ ಯಜಮಾನ ವಯಸ್ಸಾದವರು, ದಿನಾ ಬೆಳಿಗ್ಗೆ ಎರಡು ಕೊಡ ಹಿಡಿದು ಗೇಟಿನ ಮುಂದೆ ನಿಲ್ಲುತ್ತಿದ್ದರು. ತಮಿಳು ಬರುತ್ತದೆ ಎಂದು ಗೇಟಿನ ಕೆಲಸಕ್ಕೆ ಚಿಕ್ಕಪ್ಪನನ್ನು ಹಾಕಿದ್ದರು.

"ಬರುವಾಗ ಖಾಲಿ ಕೊಡ ನೋಡಬೇಕು. ಸರಿ, ಅದು ನ್ಯಾಯವೇ. ಹೋಗುವಾಗಲೂ ನೋಡಬೇಕು ಎಂದು ಹುಕುಂ. ಒಳಗಿನಿಂದ ಗುಂಡೋ ಮತ್ತೊಂದೋ ಹೊರಗೆ ಹೋಗಬಾರದಲ್ಲ. ತುಂಬಿದ ಕೊಡ. ಹೇಗೆ ನೋಡುವುದು? ಕೈ ಹಾಕಿ ನೋಡಬೇಕು."

ಸ್ವಲ್ಪ ಹೊತ್ತು ಬಿಟ್ಟು, "ಮೊಣಕೈವರೆಗೆ" ಎಂದರು.

ನಾನು ಏನೂ ಹೇಳಲಿಲ್ಲ. ನಮ್ಮ ಊರಿನಲ್ಲಿ ಯಾರ ಕೊಡವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದರ ಮೇಲೆ ಏನೇನು ನಡೆದಿದೆ ಎಂಬುದು ಚಿಕ್ಕಪ್ಪನಿಗೂ ಗೊತ್ತು, ನನಗೂ ಗೊತ್ತು. ನಮ್ಮ ಅಜ್ಜಿ ಬಾವಿಕಟ್ಟೆಯಲ್ಲಿ ನಿಂತು ಕೂಗಾಡಿದ್ದನ್ನು ನಾನೇ ಕಂಡಿದ್ದೇನೆ. ಆ ಮನೆಯಲ್ಲಿ ಹುಟ್ಟಿದವರು, ಇನ್ನೊಬ್ಬರ ಬಾವಿ ಕಿತ್ತುಕೊಂಡು, ಅವರು ಸೇದಿಕೊಂಡ ಕುಡಿಯುವ ನೀರಿನಲ್ಲಿ ದಿನಾ ಬೆಳಿಗ್ಗೆ ಕೈ ಆಡಿಸಿದ್ದಾರೆ. ರಸ್ತೆಯಿಂದ ಬಂದ ಕೈ. ತೊಳೆದುಕೊಳ್ಳುತ್ತಿದ್ದರಂತೆ, ಅವರಿಗೆ ಕಾಣುವ ಹಾಗೆ, ಸೋಪು ಹಾಕಿ.

"ಅವರು ಏನಾದರೂ ಅನ್ನುತ್ತಿದ್ದರೇ?"

"ಏನೂ ಅನ್ನುತ್ತಿರಲಿಲ್ಲ. ಆಕಾಶ ನೋಡುತ್ತಿದ್ದರು. ಒಂದು ದಿನದಿಂದ ಬರುವುದು ನಿಂತಿತು."

ಕರೆಂಟು ಬಂತು. ಚಿಕ್ಕಪ್ಪ ಎದ್ದು ಟಿ.ವಿ. ಹಾಕಿ, ಕನ್ನಂಬಾಡಿಯ ನೀರಿನ ಮಟ್ಟ ಓದಿ, ಈ ಸಲ ಭತ್ತಕ್ಕೆ ತೊಂದರೆ ಇಲ್ಲ ಎಂದರು.

ಅಳಿಯ ಹೋದ ವರ್ಷ ಕೊಲಂಬೊ ಪ್ರವಾಸಕ್ಕೆ ಹೋದಾಗ ಕೋಟ್ಟೆಯಲ್ಲಿರುವ ಶಾಂತಿಪಾಲನಾ ಪಡೆಯ ಸ್ಮಾರಕದ ಫೋಟೊ ಕಳುಹಿಸಿದ್ದ. ಸತ್ತವರು ಸುಮಾರು 1,200 ಮಂದಿ. ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಚಿಕ್ಕಪ್ಪ ಮೊಬೈಲಿನಲ್ಲಿ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದದ್ದು ಇವತ್ತು ಬಸ್ಸಿನಲ್ಲಿ ನೆನಪಾಯಿತು. ಅಕ್ಷರಗಳು ಒಡೆದುಹೋಗಿ ಏನೂ ಓದಲಾಗಲಿಲ್ಲ. ಆ ಪಂಜಾಬಿನ ಹುಡುಗನನ್ನು ಹುಡುಕುತ್ತಿದ್ದರೇ? ಅಥವಾ ನಾನೇ ಕಥೆ ಕಟ್ಟುತ್ತಿದ್ದೇನೆಯೇ? ಸೈನಿಕರ ವಿಷಯದಲ್ಲಿ ನಮಗೆಲ್ಲ ಈ ಚಾಳಿ ಇದೆ, ಅವರು ಹೇಳದ್ದನ್ನೆಲ್ಲ ನಾವೇ ತುಂಬಿಕೊಂಡು ಕಣ್ಣೀರು ಹಾಕುವುದು. ಆ ಹುಡುಗ ಈಗ ಲೂಧಿಯಾನದಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು.

ಇನ್ನೊಂದು ವಿಷಯ. ಕೊನೆಯ ತುಕಡಿ ತ್ರಿಂಕೋಮಲಿಯಿಂದ ಹೊರಟದ್ದು 1990ರ ಮಾರ್ಚ್ 24ರಂದು. ಮುಗಿಯಿತು ಎಂದುಕೊಂಡರು. 1991ರ ಆಗಸ್ಟ್‌ನಲ್ಲಿ ಚಿಕ್ಕಪ್ಪ ರಜೆಯಲ್ಲಿ ಮನೆಯಲ್ಲಿದ್ದಾಗಲೇ ಮಳವಳ್ಳಿಯ ಆಚೆ ಮುತ್ತತ್ತಿಯಲ್ಲಿ ಹುಲಿಗಳು ಅಡಗಿದ್ದು, ಪೊಲೀಸರು ಸುತ್ತುವರಿದಾಗ ಸೈನೈಡ್ ನುಂಗಿ ಸತ್ತ ಸುದ್ದಿ ಬಂತು. ರಾಜೀವ್ ಹತ್ಯೆಯಾಗಿ ಮೂರು ತಿಂಗಳಾಗಿತ್ತು. ಮುತ್ತೆತ್ತರಾಯನಿಗೆ ಹರಕೆ ತೀರಿಸಲು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಜಾಗ! ಊರಿನವರೆಲ್ಲ ನೋಡಿ ಬರೋಣ ಎಂದು ಹೊರಟು ಚಿಕ್ಕಪ್ಪನನ್ನೂ ಕರೆದರಂತೆ, ನಿಮಗೆ ಅವರ ಗುರುತು ಸಿಗುತ್ತದೆ ಎಂದು. ಹೋಗಲಿಲ್ಲ. ಅವತ್ತು ಇಡೀ ದಿನ ಹಿತ್ತಲಿನಲ್ಲಿ ಏನೋ ಅಗೆಯುತ್ತಿದ್ದರು ಎಂದು ಚಿಕ್ಕಮ್ಮ ಇವತ್ತು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ ಹೇಳಿದರು.

ಗಂಟೆ ಹನ್ನೊಂದಾಯಿತು. ನಾಳೆ ಬ್ಯಾಂಕಿನಲ್ಲಿ ತಿಂಗಳ ಕೊನೆಯ ರಗಳೆ, ಬೆಳಿಗ್ಗೆ ಬೇಗ ಹೋಗಬೇಕು. ಆದರೆ ಆ ವಯಸ್ಸಾದವರು ಬರುವುದನ್ನು ನಿಲ್ಲಿಸಿದ್ದು ಯಾಕೆ? ಬೇರೆ ಕಡೆ ನೀರು ಸಿಕ್ಕಿತೇ? ಊರು ಬಿಟ್ಟರೇ? ಚಿಕ್ಕಪ್ಪ ನಾನು ಕೇಳಲಿ ಎಂದು ಅಲ್ಲಿಗೆ ನಿಲ್ಲಿಸಿದರೋ, ಕೇಳದಿರಲಿ ಎಂದು ನಿಲ್ಲಿಸಿದರೋ. ಚಿಕ್ಕಮ್ಮನಿಗೆ ಗೊತ್ತಿರಬಹುದು. ಅವರನ್ನು ಕೇಳುವುದೆಂದರೆ