ಚೌರಪ್ಪ, ಸೌರಿಯಪ್ಪ, ಸವರಿಯಪ್ಪ: ಸಮಾಧಿ ದಾಖಲೆಯ ಕೆಲಸ ಎಲ್ಲಿಗೆ ಬಂತು

ಶ್ರೀರಂಗಪಟ್ಟಣ, ಗಂಜಾಮ್ ಕಡೆಯ ನಮ್ಮ ಹಿರಿಯರನ್ನು ಹುಡುಕುವ ಕೆಲಸ ಈ ತಿಂಗಳು ಚೆನ್ನಾಗಿ ಮುಂದೆ ಸಾಗಿದೆ. ಚರ್ಚಿನ ಸಾವಿನ ರಿಜಿಸ್ಟರಿನಿಂದ ಬರೆದುಕೊಂಡ ಹೆಸರುಗಳು, ಸಮಾಧಿ ಕಲ್ಲುಗಳ ಮೇಲೆ ಓದಿದ ಹೆಸರುಗಳು ಎಲ್ಲವೂ ಈಗ ಒಂದೇ ಎಕ್ಸೆಲ್ ಶೀಟಿನಲ್ಲಿವೆ. ಇನ್ನು ಯಾರು ಯಾರ ಮಗ, ಯಾರ ಮಗಳು ಅಂತ ಹೊಂದಿಸಬೇಕು.

ಕಷ್ಟ ಇರುವುದು ಅಲ್ಲೇ. ಸಂತ ಫ್ರಾನ್ಸಿಸ್ ಝೇವಿಯರ್ ಹೆಸರನ್ನೇ ತಗೊಳ್ಳಿ. ನಮ್ಮ ಮನೆಗಳಲ್ಲಿ ಅದು ಚೌರಪ್ಪ. ತಮಿಳು ಮೂಲದ ಮನೆಗಳಲ್ಲಿ ಸವರಿಯಪ್ಪ, ಸೌರಿಯಪ್ಪ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದ ಅಬ್ಬೆ ದುಬುವಾ ಫ್ರೆಂಚ್ ಪಾದ್ರಿ. ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳ ಕೈಬರಹದಲ್ಲಿ ಇದೇ ಹೆಸರು ಲ್ಯಾಟಿನ್ ವೇಷದಲ್ಲಿರುತ್ತದೆ. ಕಲ್ಲು ಕೆತ್ತುವವರು ಇಂಗ್ಲಿಷ್ ಅಕ್ಷರದಲ್ಲಿ ತಮಗೆ ಕೇಳಿಸಿದ ಹಾಗೆ ಕೆತ್ತಿದ್ದಾರೆ.

ಒಂದೇ ಥರ ಕೇಳಿಸುವ ಹೆಸರುಗಳನ್ನು ಗುಂಪು ಮಾಡಲು ಸೌಂಡೆಕ್ಸ್ ಎಂಬ ಪದ್ಧತಿ ಇದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು. ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ಅಕ್ಷರ ಹಾಗೇ ಉಳಿಯುತ್ತದೆ. ಮುಂದಿನ ವ್ಯಂಜನಗಳಿಗೆ ಮೂರು ಅಂಕಿ. ಸ್ವರಗಳಿಗೆ ಬೆಲೆ ಇಲ್ಲ. ಇದರಲ್ಲಿ ಚೌರಪ್ಪ ಸಿ610, ಸೌರಿಯಪ್ಪ ಎಸ್610, ಸವರಿಯಪ್ಪ ಎಸ್161, ಝೇವಿಯರ್ ಎಕ್ಸ್160. ಒಂದೇ ಹೆಸರು ನಾಲ್ಕು ಕಡೆ ಚೆಲ್ಲಾಪಿಲ್ಲಿ! ಇನ್ನೊಂದು ಕಡೆ ಫರ್ನಾಂಡಿಸ್, ಫರ್ನಾಂಡೋ ಎರಡಕ್ಕೂ ಎಫ್655. ಒಂದು ಕೊಂಕಣಿ ಮನೆ, ಇನ್ನೊಂದು ತಮಿಳು ಕರಾವಳಿಯ ಮನೆ ಇರಬಹುದು ಅಲ್ವಾ?

ಹಾಗಾಗಿ ಕನ್ನಡ ಅಕ್ಷರದಲ್ಲೇ ನನ್ನದೊಂದು ಪಟ್ಟಿ ಮಾಡಿಕೊಂಡೆ. ಚ, ಶ, ಸ, ಝ ಒಂದೇ ಗುಂಪು. ನ, ಣ ಒಂದು. ತ, ಥ ಒಂದು. ಕೊನೆಯ ಅಪ್ಪ, ಅಮ್ಮ ಬಿಟ್ಟು ನೋಡುವುದು. ಅಂತೋಣಪ್ಪ, ಅಂತೋನಪ್ಪ, ಅಂಥೋಣಿ ತಕ್ಷಣ ಒಂದಾದರು. ಚೌರಪ್ಪನೂ ಸೌರಿಯಪ್ಪನೂ ಪಕ್ಕಪಕ್ಕ ಬಂದರು. ಲ್ಯಾಟಿನ್ ಹೆಸರುಗಳನ್ನು ಮಾತ್ರ ಕೈಯಲ್ಲೇ ಸೇರಿಸಬೇಕು.

ಆದರೆ ಹೆಸರು ಕೂಡಿದ ಮಾತ್ರಕ್ಕೆ ಮನೆ ಕೂಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಅಪ್ಪನ ಹೆಸರೇ ಮುಂದೆ ನಿಲ್ಲುತ್ತದೆ, ಪ್ರತಿ ತಲೆಮಾರಿಗೂ ಬದಲಾಗುತ್ತದೆ. ಅದರ ಮೇಲೆ ಮೊಮ್ಮಗನಿಗೆ ತಾತನ ಹೆಸರು. ಚೌರಪ್ಪನ ಮಗ ಇನ್ನಾಸಪ್ಪ, ಇನ್ನಾಸಪ್ಪನ ಮಗ ಮತ್ತೆ ಚೌರಪ್ಪ. ರಿಜಿಸ್ಟರಿನಲ್ಲಿ ಸಿಕ್ಕ ಇಬ್ಬರು ಚೌರಪ್ಪರನ್ನು ಬೇರೆ ಮಾಡಿ ತೋರಿಸಿದ್ದು ಪಕ್ಕದ ಕಾಲಮ್ಮುಗಳು: ವಯಸ್ಸು, ಹೆಂಡತಿಯ ಹೆಸರು, ಊರು. ಒಬ್ಬರು ಪಾಲಹಳ್ಳಿಯವರು, ಇನ್ನೊಬ್ಬರು ಗಂಜಾಮಿನವರು. ನಮ್ಮ ಮುತ್ತಾತ ಗಂಜಾಮಿನವರು. ಆ ಸಾಲು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಧ್ವನಿ ನೋಡಿ ಹತ್ತಿರ ತರಬೇಕು, ಊರು ಮತ್ತು ಹೆಂಡತಿಯ ಹೆಸರು ನೋಡಿ ತೀರ್ಮಾನ ಮಾಡಬೇಕು. ಈಗ ನಾನು ಹಿಡಿದಿರುವ ದಾರಿ ಇದೇ.

ಕಲ್ಲುಗಳ ವಿಷಯ ಬೇಗ ಹೇಳಿಬಿಡ್ತೀನಿ. ಎಷ್ಟೋ ಸ್ಮಶಾನಗಳಲ್ಲಿ ಜಾಗ ಸಾಲದೆ ಹಳೆಯ ಗುಂಡಿಯಲ್ಲೇ ಮತ್ತೊಬ್ಬರನ್ನು ಹೂಳುತ್ತಾರೆ. ಕಲ್ಲಿಲ್ಲ ಅಂದರೆ ಅಲ್ಲಿ ಯಾರೂ ಇರಲಿಲ್ಲ ಅಂತಲ್ಲ. ಸವೆದ ಅಕ್ಷರಕ್ಕೆ ಸಂಜೆಯ ಓರೆ ಬಿಸಿಲು, ಇಲ್ಲವೇ ಪಕ್ಕದಿಂದ ಹಿಡಿದ ಟಾರ್ಚ್ ಸಾಕು. ದಯವಿಟ್ಟು ತಂತಿ ಬ್ರಷ್, ಆಸಿಡ್ ಬೇಡ. ಒಂದು ಸಲ ಉಜ್ಜಿ ಹೋದ ಹೆಸರು ಮತ್ತೆ ಬರುವುದಿಲ್ಲ.

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನೂ ನೋಡಿಬಂದೆ. ಅಲ್ಲಿ ಬ್ರಿಟಿಷರ ಪರ ಹೋರಾಡಿದ ಸ್ವಿಸ್ ಪಡೆ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳಿವೆ. ಸೈನಿಕರ ಕಲ್ಲಿನಲ್ಲಿ ಪಡೆ, ಹುದ್ದೆ ಇರುವುದರಿಂದ ಗುರುತು ಹಿಡಿಯುವುದು ಸುಲಭ. ನಮ್ಮವರ ಕಲ್ಲಿಗೆ ಆ ಅನುಕೂಲ ಇಲ್ಲ.

ಮುಂದಿನ ಕೆಲಸ ಜ್ಞಾನಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್. ಅದರ ಅಂಚಿನಲ್ಲಿ ಆಮೇಲೆ ಆದ ಮದುವೆಯ ವಿವರವನ್ನೂ ಬರೆಯುವ ರೂಢಿ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಹುಡುಕಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ನವೆಂಬರ್ 2, ಸತ್ತವರನ್ನು ನೆನೆಯುವ ದಿನ, ಎಲ್ಲ ಮನೆಯವರೂ ಸಮಾಧಿಗೆ ಹೂವು, ಮೇಣದಬತ್ತಿ ತರುತ್ತಾರೆ. ಅಷ್ಟರೊಳಗೆ ಪಟ್ಟಿಯ ಪ್ರಿಂಟ್ ತೆಗೆಸಿಟ್ಟುಕೊಂಡು, ಪಾಲಹಳ್ಳಿಯ ಚೌರಪ್ಪನವರ ಮನೆಯವರು ಯಾರಾದರೂ ಬಂದರೆ ಕೂತು ಮಾತಾಡಬೇಕು.