ಸಂಜೆ ಬಸ್ಸಿನವರು ಯಾವ ಸಂಘ ಸೇರಬೇಕು?

ಚಿಕ್ಕಪ್ಪನ ಮಗಳು ಈ ವರ್ಷ ಮಡಿಕೇರಿಯಲ್ಲಿ ಡಿಗ್ರಿಗೆ ಸೇರಿದ್ದಾಳೆ. ಮಾದಾಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. "ಅಕ್ಕಾ, ಎನ್‌ಎಸ್‌ಎಸ್, ಎನ್‌ಸಿಸಿ, ರೆಡ್‌ಕ್ರಾಸ್ ಎಲ್ಲದಕ್ಕೂ ಹೆಸರು ಕೇಳ್ತಿದ್ದಾರೆ. ಯಾವುದಕ್ಕೆ ಕೊಡ್ಲಿ?" ಎಂದು ಕೇಳಿದಳು. "ಮೊದಲು ಮೀಟಿಂಗ್ ಎಷ್ಟು ಗಂಟೆಗೆ ಅಂತ ಕೇಳು" ಎಂದೆ.

ತಮಾಷೆಗೆ ಹೇಳಿದ್ದಲ್ಲ. ನಾನು ಓದುವಾಗ ನಮ್ಮ ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗಿನದೇ ವಿಶ್ವವಿದ್ಯಾಲಯ ಶುರುವಾಯಿತು. ಆದರೆ ನಮ್ಮೂರಿನ ಬಸ್ಸಿನ ಟೈಮು ಹಾಗೇ ಇದೆ. ಕ್ಲಾಸು ಮುಗಿದ ಮೇಲೆ ನಾಟಕದ ಪ್ರಾಕ್ಟೀಸ್ ಇಟ್ಟರೆ ಪೇಟೆಯವರು, ಹಾಸ್ಟೆಲಿನವರು ಮಾತ್ರ ಉಳಿಯುತ್ತಾರೆ. ನಮ್ಮಂಥವರಿಗೆ ಆಸಕ್ತಿ ಇಲ್ಲ ಅಂತ ಹೆಸರು ಬೇರೆ.

ಎನ್‌ಸಿಸಿ ಒಳ್ಳೆಯದೇ. ಕಾರ್ಯಪ್ಪ, ತಿಮ್ಮಯ್ಯ ಅವರ ಊರಲ್ಲಿ ಅದನ್ನು ಬೇಡ ಅನ್ನೋಕಾಗುತ್ತಾ? ಅದರ ಕೊನೆಯ ಹಂತದ ಸಿ ಸರ್ಟಿಫಿಕೇಟು ಒಳ್ಳೆಯ ಗ್ರೇಡಿನಲ್ಲಿದ್ದು, ಡಿಗ್ರಿಯಲ್ಲಿ ಅಂಕವೂ ಇದ್ದರೆ ಸೈನ್ಯದ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲದೆ ಸೈನ್ಯದ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಪರೇಡ್ ದಿನ ಬೇಗ ಹೊರಡಬೇಕು, ಅಷ್ಟೇ. ಮತ್ತೆ ಬೂಟು! ನಮ್ಮ ಮಳೆಗಾಲದಲ್ಲಿ ನಾಲ್ಕು ದಿನ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಲೆ ಹತ್ತಿರವೇ ಇಡಬೇಕು.

ನಾನು ಸೇರಿದ್ದು ಎನ್‌ಎಸ್‌ಎಸ್‌ಗೆ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಗೆ. ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ ಶುರುವಾದದ್ದು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಜೊತೆಗೆ 7 ದಿನದ ಶಿಬಿರ. ಆ ಶಿಬಿರವೇ ಬಸ್ಸಿನವರಿಗೆ ವರ. ಏಳು ದಿನ ಅಲ್ಲೇ ಇರುವುದರಿಂದ ಗಡಿಯಾರ ನೋಡುವ ಕೆಲಸವಿಲ್ಲ.

ನಮ್ಮ ಶಿಬಿರ ಬಿದ್ದದ್ದು ರೊಬಸ್ಟಾ ಕುಯ್ಲಿನ ಹೊತ್ತಿಗೆ. ಈ ತಾರೀಕು ಇಟ್ಟವರು ಕಾಫಿ ಗಿಡ ನೋಡಿದ್ದಾರೋ ಇಲ್ಲವೋ ಅಂತ ಅಪ್ಪ ಬೈದರು. ಮನೆಯಲ್ಲೂ ಕೈ ಬೇಕಿತ್ತು. ಅಮ್ಮನೇ, "ಹೋಗಿ ಬರ್ಲಿ ಬಿಡಿ, ಒಂದು ವಾರಕ್ಕೆ ಕಾಫಿ ಉದುರಿಹೋಗಲ್ಲ" ಅಂದದ್ದು.

ಹೋಗಿ ನೋಡಿದರೆ ಊರೇ ಖಾಲಿ. ಎಲ್ಲರೂ ತೋಟದಲ್ಲಿ. ಬೆಳಗ್ಗೆ ಧ್ವಜ ಹಾರಿಸಿ, ಶಾಲೆ ಪಕ್ಕದ ಚರಂಡಿ ತೆಗೆದು, ಮಧ್ಯಾಹ್ನ ಆರೋಗ್ಯದ ಬಗ್ಗೆ ಸಭೆ ಇಟ್ಟರೆ ಕೂತವರು ನಾವೇ. ಅದೇ ಊರಿನ ಅಜ್ಜಿಯೊಬ್ಬರು, "ಇಲ್ಲಿ ಯಾರಿಗೆ ಭಾಷಣ ಮಾಡ್ತೀರಿ ಮಕ್ಳೇ, ಕಣಕ್ಕೆ ಹೋಗಿ" ಎಂದರು. ಸಂಜೆ ಕಾಫಿ ತೂಕ ಹಾಕುವಾಗ ಎಲ್ಲರೂ ಅಲ್ಲಿಗೇ ಬರುತ್ತಾರೆ. ಚೀಲ ಇಳಿಸಿ, ತಮ್ಮ ಸರದಿಗೆ ಕಾಯುತ್ತಾರೆ. ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆದುಕೊಂಡು ಅಲ್ಲಿಗೇ ಹೋದೆವು. ಬಿಪಿ ನೋಡಿಸಿಕೊಳ್ಳಲು ಸಾಲು ನಿಂತಿತು. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಎಲ್ಲ ಕೇಳಿಸುತ್ತಿತ್ತು. ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಭಾಷೆಗೆ ನಿಂತೆವು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ಯಜಮಾನನ ಹಾಗೆ ಮಾತಾಡುತ್ತಿದ್ದ.

ನನಗೆ ಕೊಟ್ಟದ್ದು ಉಗ್ರಾಣ. ವೇದಿಕೆ ಇಲ್ಲ, ಫೋಟೊ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಅಂತ ಮೂರು ಗೆರೆ ಎಳೆದುಕೊಂಡೆ. ಊರವರು ಕೊಟ್ಟ ಕುಂಬಳಕಾಯಿ, ಬಾಳೆಗೊನೆಯೂ ಅದರಲ್ಲಿ ಸೇರುತ್ತಿತ್ತು. ಕಾರ್ಯದರ್ಶಿ ಅನ್ನಿಸಿಕೊಂಡವರಿಗೆ ಉದ್ಘಾಟನೆ ದಿನ ಶಾಲು, ಹಾರ ಸಿಕ್ಕಿತು. ರವೆ ಎಷ್ಟು ಉಳಿದಿದೆ ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ!

ಅದೇ ವರ್ಷ, 2018ರ ಆಗಸ್ಟಿನಲ್ಲಿ, ಬೆಟ್ಟಗಳು ಜರಿದವು. ಹಟ್ಟಿಹೊಳೆ, ಮಕ್ಕಂದೂರು ಕಡೆ ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ನಮ್ಮ ಹತ್ತಿರದ ಶಾಲೆಯೊಂದರಲ್ಲಿ ಪರಿಹಾರ ಕೇಂದ್ರ ತೆರೆದಾಗ ಹೊರಜಿಲ್ಲೆಗಳಿಂದ ಲೋಡುಗಟ್ಟಲೆ ಸಾಮಾನು ಬಂತು. ಹಳೆ ಬಟ್ಟೆ ರಾಶಿ ರಾಶಿ. ಬೇಕಾದದ್ದು ಹೊಸ ಒಳಬಟ್ಟೆ, ಪ್ಯಾಡು, ಟಾರ್ಚು, ಮಕ್ಕಳ ಔಷಧಿ. ಯಾವುದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಶಿಬಿರಕ್ಕೆ ಬಂದಿದ್ದ ನಾಲ್ಕೈದು ಜನ ಅಲ್ಲಿದ್ದೆವು. ಮತ್ತೆ ಒಂದು ನೋಟ್‌ಬುಕ್, ಮೂರು ಗೆರೆ. ಸಂಜೆಯೊಳಗೆ, ಏನು ಬೇಕು, ಏನು ಕಳಿಸಬೇಡಿ ಅಂತ ಫೋನಿನಲ್ಲಿ ಹೇಳುವಷ್ಟು ಲೆಕ್ಕ ಸಿಕ್ಕಿತ್ತು.

ಅದಕ್ಕೇ ತಂಗಿಗೆ ಹೇಳಿದ್ದು: ಹುದ್ದೆ ಕೇಳಬೇಡ, ಕೆಲಸ ಕೇಳು. ಸ್ಟೋರು, ಅಡುಗೆ, ಲೆಕ್ಕ, ಯಾವುದಾದರೂ ಸರಿ. ಮೀಟಿಂಗ್ ಸಂಜೆ ಇದ್ದರೆ, ಮಧ್ಯಾಹ್ನ ಊಟದ ಹೊತ್ತಿಗೆ ಇಡಿ ಅಂತ ಸರ್ ಹತ್ತಿರ ಕೇಳು. ಒಬ್ಬಳೇ ಹೋಗಬೇಡ. ಅದೇ ಬಸ್ಸಿಗೆ ಓಡುವವರನ್ನೆಲ್ಲ ಕರೆದುಕೊಂಡು ಹೋಗು. ಹೆಸರು ಕೊಡುವಾಗ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ಬ್ಯಾಗಿನಲ್ಲಿರಲಿ, ಇಲ್ಲದಿದ್ದರೆ ಅದನ್ನು ತರೋಕೆ ಇನ್ನೊಂದು ದಿನ ಓಡಾಡಬೇಕಾಗುತ್ತದೆ.