ಅಮ್ಮನ ಸೀರೆ ನೆಲ ಗುಡಿಸುತ್ತಿತ್ತು

ಅದನ್ನು ಮೊದಲು ಗಮನಿಸಿದ್ದು ನಾನಲ್ಲ, ಮನೆಗೆಲಸಕ್ಕೆ ಬರುವ ಅಕ್ಕ. "ಅಮ್ಮಾ, ಸೀರೆ ಸ್ವಲ್ಪ ಮೇಲಕ್ಕೆ ಉಟ್ಕೊಳ್ಳಿ, ಎಡವಿ ಬಿದ್ದೀರಿ" ಅಂದರು. ಮದುವೆಯಾದಾಗಿನಿಂದ ಒಂದೇ ಅಳತೆಗೆ ನೆರಿಗೆ ಹಿಡಿದವಳು ಅಮ್ಮ. ಸೀರೆ ಉದ್ದವಾಗಿಲ್ಲ, ಅವಳೇ ಕುಗ್ಗಿದ್ದಾಳೆ ಅಂತ ನನಗೆ ಹೊಳೆಯಲೇ ಇಲ್ಲ.

ಅದಕ್ಕೂ ಎರಡು ವರ್ಷ ಮೊದಲು ಬಚ್ಚಲಲ್ಲಿ ಜಾರಿ, ಕೈ ಊರಿ, ಮಣಿಕಟ್ಟು ಮುರಿದುಕೊಂಡಿದ್ದಳು. ಆರು ವಾರ ಪ್ಲಾಸ್ಟರ್ ಹಾಕಿದರು. ಮೂಳೆ ಕೂಡಿತು, ಎಲ್ಲರೂ ಮರೆತೆವು. ನಿಂತಲ್ಲೇ ಬಿದ್ದದ್ದಕ್ಕೆ ಮೂಳೆ ಮುರಿದರೆ ಯಾಕೆ ಮುರಿಯಿತು ಅಂತ ಹುಡುಕಬೇಕು. ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನೋವು ನನಗಿನ್ನೂ ಇದೆ.

ಈ ಸಲ ತುಂಬಿದ ಬಕೆಟ್ ಎತ್ತುವಾಗ ಬೆನ್ನು ಛಳಕ್ ಅಂದಿತು. ಎರಡು ತಿಂಗಳು ಮುಲಾಮು ತಿಕ್ಕಿದ್ದಾಯಿತು. "ಎಪ್ಪತ್ತೆರಡಾಯ್ತಲ್ಲ, ಇನ್ನೇನು" ಅನ್ನುವುದು ಅಮ್ಮನ ಮಾತು.

ತುಮಕೂರಿನಲ್ಲಿ ನೋಡಿದ ಡಾಕ್ಟರು ಮೊದಲು ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. "ಮೊದಲು ಎಷ್ಟೆತ್ತರ ಇದ್ರಿ ತಾಯಿ?" ಅಮ್ಮ ಮೇಷ್ಟ್ರಾಗಿದ್ದವಳು, ಸರ್ವಿಸ್ ರಿಜಿಸ್ಟರಿನಲ್ಲಿ ಬರೆದದ್ದು ನೆನಪಿತ್ತು, ಐದಡಿ ಎರಡಿಂಚು. ಈಗ ಸರಿಯಾಗಿ ಐದಡಿ. ಎಕ್ಸ್‌ರೇಯಲ್ಲಿ ಬೆನ್ನಿನ ಒಂದು ಮೂಳೆ ಮುಂಭಾಗದಲ್ಲಿ ಕುಸಿದು, ಸಿಕ್ಕಿಸುವ ಬೆಣೆಯ ಹಾಗೆ ಕಾಣುತ್ತಿತ್ತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಮೂಳೆ ಸವೆದು ಟೊಳ್ಳಾಗುವ ಕಾಯಿಲೆ. "ಈ ನಂಬರ್ ಇಲ್ಲದಿದ್ದರೂ ಔಷಧಿ ಬೇಕಿತ್ತು, ಬೆನ್ನುಮೂಳೆ ಮುರಿದೇ ಇದೆಯಲ್ಲ" ಅಂದರು.

"ದಿನಾ ರಾಗಿಮುದ್ದೆ ತಿಂತೀನಲ್ಲ ಸಾರ್!" ಅಮ್ಮನಿಗೆ ಅದೇ ಸಂಕಟ. ರಾಗಿಯ ಕ್ಯಾಲ್ಸಿಯಂ ಒಳ್ಳೆಯದೇ. ಆದರೆ ಮುಟ್ಟು ನಿಂತು ಈಸ್ಟ್ರೋಜನ್ ಹಾರ್ಮೋನ್ ಇಳಿದ ಮೇಲೆ ಮೂಳೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು, ಊಟವೊಂದರಿಂದ ಅದು ನಿಲ್ಲುವುದಿಲ್ಲ ಅಂತ ತಾಳ್ಮೆಯಿಂದ ಬಿಡಿಸಿ ಹೇಳಿದರು. ಥೈರಾಯ್ಡ್, ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಎಲ್ಲಾ ರಕ್ತಪರೀಕ್ಷೆಯಾಯಿತು. ಡಿ ತೀರಾ ಕಡಿಮೆ. ವಾರಕ್ಕೊಂದು 60,000 ಯೂನಿಟ್ ಪುಡಿ ಕೊಟ್ಟರು. ಮೂಳೆ ಕರಗುವುದನ್ನು ತಡೆಯುವ ಔಷಧಿ ಶುರುವಾದ ಮೇಲೆ ಹಲ್ಲು ಕಿತ್ತರೆ ದವಡೆ ಮಾಗುವುದು ಕಷ್ಟವಾಗಬಹುದು. ಅದಕ್ಕೇ ಅಲ್ಲಾಡುತ್ತಿದ್ದ ಹಲ್ಲನ್ನು ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಆ ಔಷಧಿ, ಅಲೆಂಡ್ರೊನೇಟ್, ಶುರು, ವಾರಕ್ಕೆ 70 ಮಿಲಿಗ್ರಾಂನ ಒಂದೇ ಮಾತ್ರೆ.

ನಾವು ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಹೊಸ್ತಿಲ ಬಳಿಯ ಮ್ಯಾಟ್ ತೆಗೆದೆವು. ಕುಸಿದ ಮೂಳೆ ಮತ್ತೆ ಎದ್ದು ನಿಲ್ಲುವುದಿಲ್ಲ. ಇನ್ನೊಂದು ಕುಸಿಯದ ಹಾಗೆ, ಸೊಂಟ ಮುರಿಯದ ಹಾಗೆ ಕಾಯುವುದಷ್ಟೇ ಕೆಲಸ.

ಕಷ್ಟ ಅಂದರೆ ಸೋಮವಾರ ಬೆಳಿಗ್ಗೆ. ಖಾಲಿ ಹೊಟ್ಟೆಗೆ ಮಾತ್ರೆ, ದೊಡ್ಡ ಲೋಟದ ತುಂಬ ಬರೀ ನೀರು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಮಲಗಿದರೆ ಅನ್ನನಾಳ ಸುಡುತ್ತದೆ. ಕಾಫಿ ಕುಡಿದರೆ ಔಷಧಿ ಮೈಗೆ ಹತ್ತುವುದಿಲ್ಲ. ಕಣ್ಣು ಬಿಟ್ಟ ಕೂಡಲೇ ಕಾಫಿ ಬೇಕಾದವಳು, ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಗಡಿಯಾರವನ್ನೇ ನೋಡುತ್ತಾಳೆ. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ.

"ಆರೂವರೆ ಆಯ್ತೇನೇ?"

"ಇನ್ನು ಹತ್ತು ನಿಮಿಷ, ಅಮ್ಮ."

ನಾನೂ ಕುಡಿಯದೆ ಪಕ್ಕದಲ್ಲಿ ಕೂರುತ್ತೇನೆ.